18 ಲಕ್ಷದ ಭೋಗ್ಯವೇ, ಬಾಡಿಗೆಯೇ, ಸಾಲ ಮಾಡಿ ಫ್ಲ್ಯಾಟೇ? ನಮ್ಮ ಲೆಕ್ಕ ನೋಡಿ ಸಲಹೆ ಕೊಡಿ

ನಾಗರಬಾವಿ ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಭೋಗ್ಯದ ಅವಧಿ ಇನ್ನು ಮೂರು ತಿಂಗಳಿಗೆ ಮುಗಿಯುತ್ತದೆ. ಮುಂದೇನು ಮಾಡಬೇಕೆಂಬ ಬಗ್ಗೆ ಮನೆಯಲ್ಲಿ ಒಮ್ಮತ ಮೂಡುತ್ತಿಲ್ಲವಾದ್ದರಿಂದ, ಆದಾಯ, ಸಾಲ ಯಾವುದನ್ನೂ ಮುಚ್ಚಿಡದೆ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೂರು ವರ್ಷಗಳ ಹಿಂದೆ, ಮೊದಲ ಮಹಡಿಯಲ್ಲಿರುವ ಎರಡು ಕೋಣೆಗಳ ಈ ಮನೆಯನ್ನು 14 ಲಕ್ಷ ರೂಪಾಯಿಗೆ ಭೋಗ್ಯಕ್ಕೆ ಹಿಡಿದೆವು, ಅಂದರೆ ತಿಂಗಳ ಬಾಡಿಗೆ ಇಲ್ಲ, ಮನೆ ಬಿಡುವಾಗ ಆ ಹಣ ವಾಪಸು. ಆ ಹಣದಲ್ಲಿ 6.8 ಲಕ್ಷ ನಮ್ಮ ಉಳಿತಾಯ, ಸುಮಾರು 5.4 ಲಕ್ಷ ಶೇ. 14ರ ಬಡ್ಡಿಯ ವೈಯಕ್ತಿಕ ಸಾಲ, ಉಳಿದ 1.8 ಲಕ್ಷ ನನ್ನ ಪತ್ನಿಯ ಒಡವೆ ಅಡವಿಟ್ಟು ತಂದದ್ದು. ವೈಯಕ್ತಿಕ ಸಾಲದಲ್ಲಿ ಈಗ 2.6 ಲಕ್ಷ ಬಾಕಿಯಿದ್ದು, ತಿಂಗಳಿಗೆ 12,480 ರೂಪಾಯಿಯಂತೆ ಇನ್ನೂ ಎರಡು ವರ್ಷ ಕಂತು ಕಟ್ಟಬೇಕು. ಒಡವೆ ಸಾಲಕ್ಕೆ ವರ್ಷಕ್ಕೊಮ್ಮೆ 18,000 ರೂಪಾಯಿ ಬಡ್ಡಿ ಕಟ್ಟಿ ನವೀಕರಿಸುತ್ತ ಬಂದಿದ್ದೇವೆ. ಅಸಲು ಹಾಗೆಯೇ ಇದೆ.

ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದೇನೆ, ವಾರ್ಷಿಕ ಸಂಬಳ 11.4 ಲಕ್ಷ. ಪತ್ನಿ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ವರ್ಷಕ್ಕೆ 3.6 ಲಕ್ಷ. ಇಬ್ಬರಿಗೂ ಸೇರಿ ತಿಂಗಳಿಗೆ ಕೈಗೆ ಬರುವುದು ಸುಮಾರು 1,11,000 ರೂಪಾಯಿ. ಮಗಳಿಗೆ ಏಳು ವರ್ಷ. ಹಾಸನ ಜಿಲ್ಲೆಯ ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳಿಗೆ 8,000 ಕಳುಹಿಸುತ್ತೇವೆ.

ಮಾಲೀಕರು ಈಗ 18 ಲಕ್ಷ ಕೊಟ್ಟರೆ ಇನ್ನೂ ಮೂರು ವರ್ಷ ಇರಬಹುದು ಎನ್ನುತ್ತಿದ್ದಾರೆ. ಹೆಚ್ಚುವರಿ 4 ಲಕ್ಷಕ್ಕೆ ಮತ್ತೆ ಸಾಲ ಮಾಡಬೇಕು. ಇದೇ ರಸ್ತೆಯಲ್ಲಿ ಇಂಥದ್ದೇ ಮನೆ 22,000 ರೂಪಾಯಿ ಬಾಡಿಗೆಗೆ, 2 ಲಕ್ಷ ಅಡ್ವಾನ್ಸಿಗೆ ಸಿಗುತ್ತದೆ. ಅಪ್ಪನಿಗೆ ಎರಡೂ ಬೇಡ; ಎಷ್ಟು ದಿನ ಬೇರೆಯವರ ಮನೆಯಲ್ಲಿರುತ್ತೀರಿ, ಸ್ವಂತದ್ದು ಮಾಡಿಕೊಳ್ಳಿ ಎನ್ನುತ್ತಾರೆ. ಕೆಂಗೇರಿ ಕಡೆ 52 ಲಕ್ಷದ ಒಂದು ಫ್ಲ್ಯಾಟ್ ನೋಡಿದ್ದೇವೆ. ಗೃಹಸಾಲ ಮಾಡಿದರೆ ತೆರಿಗೆಯಲ್ಲೂ ಉಳಿಯುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಬಾಡಿಗೆ ಕೊಟ್ಟರೆ ಆ ಹಣ ಹೋದಂತೆಯೇ, ಭೋಗ್ಯವಾದರೆ ಅಸಲು ಹಾಗೇ ವಾಪಸು ಬರುತ್ತದೆ ಎಂಬುದು ನನ್ನ ಅನಿಸಿಕೆ. ಇದು ಸರಿಯೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಲೆಕ್ಕವನ್ನು ಇಷ್ಟು ಬಿಡಿಸಿ ಬರೆದಿರುವುದರಿಂದ ಉತ್ತರ ಹೇಳುವುದು ಸುಲಭವಾಯಿತು. ನಿಮ್ಮ ಕೊನೆಯ ಸಾಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಭೋಗ್ಯದ ಮನೆಯಲ್ಲಿರುವ ಬಹಳಷ್ಟು ಕುಟುಂಬಗಳು ಅದೇ ನಂಬಿಕೆಯ ಮೇಲೆ ನಡೆಯುತ್ತವೆ.

ಭೋಗ್ಯದ ಮನೆಗೆ ಬಾಡಿಗೆ ಇಲ್ಲ ಎನ್ನುವುದು ಮೇಲ್ನೋಟದ ಮಾತು. 18 ಲಕ್ಷದಲ್ಲಿ 6.6 ಲಕ್ಷ ಸಾಲದ ಹಣವಾಗಿರುತ್ತದೆ: ಹಳೆಯ ಬಾಕಿ 2.6, ಹೊಸದು 4. ಅದಕ್ಕೆ ಶೇ. 14ರಂತೆ ವರ್ಷಕ್ಕೆ 92,400 ರೂಪಾಯಿ ಬಡ್ಡಿ. ಉಳಿದ 11.4 ಲಕ್ಷವನ್ನು ಶೇ. 6.5ರ ನಿಶ್ಚಿತ ಠೇವಣಿಯಲ್ಲಿ ಇಟ್ಟಿದ್ದರೆ 74,100 ರೂಪಾಯಿ ಬರುತ್ತಿತ್ತು. ಈ 11.4 ಲಕ್ಷದಲ್ಲೇ ಸೇರಿರುವ ಒಡವೆ ಸಾಲದ ಬಡ್ಡಿ ಠೇವಣಿಯ ಬಡ್ಡಿಗಿಂತ ಜಾಸ್ತಿ ಎಂಬುದನ್ನು ಬದಿಗಿಟ್ಟರೂ, ಎರಡನ್ನೂ ಕೂಡಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ 13,875 ರೂಪಾಯಿ ಆಗುತ್ತದೆ. ಅದು ನಿಮ್ಮ ಕಣ್ಣಿಗೆ ಕಾಣದ ಬಾಡಿಗೆ. ನಿಜವಾದ ಬಾಡಿಗೆ 22,000. ಅಡ್ವಾನ್ಸಿನ ಮೇಲೆ ಕಳೆದುಕೊಳ್ಳುವ ಬಡ್ಡಿಯನ್ನೂ ಸೇರಿಸಿದರೆ ಸುಮಾರು 23,000. ಹಾಗಾದರೆ ಭೋಗ್ಯದಿಂದ ಉಳಿಯುವುದು ತಿಂಗಳಿಗೆ 9,200 ರೂಪಾಯಿ, ಮೂರು ವರ್ಷಕ್ಕೆ 3.3 ಲಕ್ಷ. ಈ 3.3 ಲಕ್ಷಕ್ಕಾಗಿ ನೀವು 18 ಲಕ್ಷವನ್ನು ಒಬ್ಬ ವ್ಯಕ್ತಿಯ ಕೈಗೆ, ಅವರ ಹಣಕಾಸಿನ ಸ್ಥಿತಿಯನ್ನು ತಿಳಿಯದೆ, ಕೊಡುತ್ತಿದ್ದೀರಿ. ಬ್ಯಾಂಕು ನಿಮಗೆ ವೈಯಕ್ತಿಕ ಸಾಲ ಕೊಡುವ ಮುನ್ನ ಮೂರು ತಿಂಗಳ ಸಂಬಳದ ಚೀಟಿ ಕೇಳಿತ್ತು ಎಂಬುದನ್ನು ನೆನಪಿಸಿಕೊಳ್ಳಿ. ಇಲ್ಲಿ ಸಾಲ ಕೊಡುತ್ತಿರುವವರು ನೀವು.

ಎರಡು ಪ್ರಶ್ನೆಗಳಿಗೆ ಉತ್ತರ ಬೇಕು. ನಿಮ್ಮ ಭೋಗ್ಯದ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಿದೆಯೇ, ಅಥವಾ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದೀರಾ? ಆ ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟು, ಸಾಲಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರವನ್ನು, ಅಂದರೆ ಇ.ಸಿ.ಯನ್ನು, ಎಂದಾದರೂ ತೆಗೆಸಿ ನೋಡಿದ್ದೀರಾ?

ನಾಗರಬಾವಿ ನಿವಾಸಿ

ಸರ್, 200 ರೂಪಾಯಿಯ ಛಾಪಾ ಕಾಗದದ ಮೇಲೆ ಬರೆದು ನೋಟರಿ ಮಾಡಿಸಿದ್ದೇವೆ. ಎಲ್ಲರೂ ಹಾಗೆಯೇ ಮಾಡುತ್ತಾರೆ ಎಂದು ಮಧ್ಯವರ್ತಿ ಹೇಳಿದ್ದರು. ಇ.ಸಿ. ನೋಡಿಲ್ಲ.

ಗೃಹಿಣಿ, ದಾಸರಹಳ್ಳಿ

ನಮಗೆ ಆದದ್ದನ್ನು ಬರೆಯಲೇಬೇಕು ಅನಿಸಿತು. ನಾವು 11 ಲಕ್ಷಕ್ಕೆ ಭೋಗ್ಯದ ಮನೆಯಲ್ಲಿದ್ದೆವು. ಒಂದು ದಿನ ಮಧ್ಯಾಹ್ನ ನಾನು ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಾಗ, ಶಾಲೆಯಿಂದ ಬಂದ ಮಗ ಒಳಗೆ ಬರದೆ ಗೇಟಿನ ಬಳಿಯೇ ನಿಂತು ಏನನ್ನೋ ಓದುತ್ತಿದ್ದ. "ಅಮ್ಮಾ, ಇದರಲ್ಲಿ ನಮ್ಮ ಮನೆ ನಂಬರ್ ಇದೆ" ಎಂದು ಕೂಗಿದ. ಹೋಗಿ ನೋಡಿದರೆ ಕಾಂಪೌಂಡಿನ ಗೋಡೆಗೆ ಒಂದು ನೋಟಿಸು ಅಂಟಿಸಿದ್ದರು. ಅಂಟು ಇನ್ನೂ ಹಸಿಯಾಗಿತ್ತು, ಮುಟ್ಟಿದರೆ ಕೈಗೆ ಬರುತ್ತಿತ್ತು. ಮಾಲೀಕರು ಆ ಮನೆಯ ಮೇಲೆ ಸಾಲ ತೆಗೆದು ಕಟ್ಟದೆ ಬಿಟ್ಟಿದ್ದರು, ಬ್ಯಾಂಕು ಆಸ್ತಿಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿರುವುದಾಗಿ ಅದರಲ್ಲಿ ಬರೆದಿತ್ತು. ನಮ್ಮ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ನಾಲ್ಕು ವರ್ಷ ಗುಡಿಸಿ ಸಾರಿಸಿ ಬಾಳಿದ ಮನೆಯ ಕಾಗದದಲ್ಲಿ ನಾವು ಲೆಕ್ಕಕ್ಕೇ ಇರಲಿಲ್ಲ.

ಬ್ಯಾಂಕಿಗೆ ಹೋದೆವು. ಅಲ್ಲಿದ್ದವರು ಸಹಾನುಭೂತಿಯಿಂದಲೇ ಮಾತನಾಡಿದರು, ಆದರೆ ನಮ್ಮ ನೋಟರಿ ಪತ್ರವನ್ನು ಒಮ್ಮೆ ತಿರುವಿ ನೋಡಿ ವಾಪಸು ಕೊಟ್ಟರು. ಮಾಲೀಕರಿಂದ ಎರಡು ವರ್ಷದಲ್ಲಿ ಕಂತು ಕಂತಾಗಿ 6 ಲಕ್ಷ ಬಂದಿದೆ. ಉಳಿದ 5 ಲಕ್ಷದ ಆಸೆಯನ್ನು ನನ್ನ ಯಜಮಾನರು ಇನ್ನೂ ಬಿಟ್ಟಿಲ್ಲ. ದಯವಿಟ್ಟು ಇವತ್ತೇ ಇ.ಸಿ. ತೆಗೆಸಿ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ದಾಸರಹಳ್ಳಿಯ ತಾಯಿ ಬರೆದದ್ದನ್ನು ಓದಿ ಮನಸ್ಸು ಭಾರವಾಯಿತು. ಅವರಿಗೆ ಹೀಗೆ ಏಕಾಯಿತು ಎಂಬುದನ್ನು ಇತರರಿಗಾಗಿ ವಿವರಿಸುತ್ತೇನೆ.

ಸ್ವಾಧೀನ ಸಹಿತವಾದ ಭೋಗ್ಯ ಎನ್ನುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಹೆಸರಿಸಿರುವ ಒಂದು ಬಗೆಯ ಅಡಮಾನ. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮೊತ್ತದ ಇಂಥ ಅಡಮಾನಕ್ಕೆ ನೋಂದಣಿ ಕಡ್ಡಾಯ. ಲೀಸ್ ಎಂದು ಕರೆದರೂ, ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯಾದರೆ ನೋಂದಣಿ ಬೇಕು. ನೋಟರಿ ಮಾಡುವುದು ಸಹಿ ಹಾಕಿದವರು ಇವರೇ ಎಂಬ ದೃಢೀಕರಣವನ್ನು ಮಾತ್ರ. ಅದರಿಂದ ಆಸ್ತಿಯ ಮೇಲೆ ನಿಮಗೆ ಹಕ್ಕು ಹುಟ್ಟುವುದಿಲ್ಲ, ಇ.ಸಿ.ಯಲ್ಲಿ ನಿಮ್ಮ ಹೆಸರು ಬರುವುದಿಲ್ಲ. ಸಾಲಗಾರ ಕಂತು ನಿಲ್ಲಿಸಿದಾಗ 2002ರ ಸರ್ಫೇಸಿ ಕಾಯ್ದೆಯಂತೆ (ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯಲು ಬ್ಯಾಂಕಿಗೆ ಅವಕಾಶ ಕೊಡುವ ಕಾನೂನು) ಬ್ಯಾಂಕು 60 ದಿನಗಳ ನೋಟಿಸು ಕೊಡುತ್ತದೆ, ಆದರೆ ಅದು ಹೋಗುವುದು ಸಾಲಗಾರನಿಗೆ. ಮನೆಯೊಳಗೆ ವಾಸವಿರುವವರಿಗೆ ವಿಷಯ ತಿಳಿಯುವುದು ಗೋಡೆಗೆ ಕಾಗದ ಅಂಟಿಸಿದಾಗ, ಇಲ್ಲವೇ ಪತ್ರಿಕೆಯಲ್ಲಿ ಪ್ರಕಟಣೆ ಬಂದಾಗ.

ಇ.ಸಿ.ಯನ್ನು ಕಾವೇರಿ 2.0 ಜಾಲತಾಣದಲ್ಲಿ ಮನೆಯಿಂದಲೇ ಪಡೆಯಬಹುದು. ಸಾಧ್ಯವಿರುವಷ್ಟು ಹಿಂದಿನ ದಿನಾಂಕದಿಂದ ಕೇಳಿ. ಆ ಅವಧಿಯಲ್ಲಿ ಯಾವ ವಹಿವಾಟೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ; ಇದ್ದರೆ ನಮೂನೆ 15ರಲ್ಲಿ ಪಟ್ಟಿ ಬರುತ್ತದೆ. ಅದರಲ್ಲಿ ಆಧಾರ ಪತ್ರ (ಅಡಮಾನದ ಪತ್ರ) ಅಥವಾ ಹಕ್ಕುಪತ್ರಗಳ ಠೇವಣಿ (ಸಾಲಕ್ಕಾಗಿ ಮೂಲಪತ್ರಗಳನ್ನು ಒಪ್ಪಿಸಿರುವುದು) ಎಂಬ ನಮೂದು ಇದೆಯೇ, ಇದ್ದರೆ ಅದರ ಕೆಳಗೆ ಸಾಲ ತೀರಿದ್ದಕ್ಕೆ ಋಣಮುಕ್ತಿಯ ನಮೂದೂ ಇದೆಯೇ ನೋಡಿ. ಇಷ್ಟಕ್ಕೇ ನಿಲ್ಲಿಸಬೇಡಿ. ಮೂಲಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ಮಾಡಿದ ಎಲ್ಲ ಸಾಲಗಳೂ ಇ.ಸಿ.ಗೆ ಬಂದಿರುತ್ತವೆ ಎನ್ನುವಂತಿಲ್ಲ. ಸರ್ಸಾಯ್ ಎಂಬ ಕೇಂದ್ರೀಯ ನೋಂದಣಿ ಜಾಲತಾಣದಲ್ಲಿ ಅಲ್ಪ ಶುಲ್ಕ ಕಟ್ಟಿ ಯಾರು ಬೇಕಾದರೂ ಆಸ್ತಿಯ ಮೇಲಿನ ಅಡಮಾನವನ್ನು ಹುಡುಕಬಹುದು. ಇವೆರಡಕ್ಕಿಂತ ಸರಳವಾದ ಪರೀಕ್ಷೆ ಇನ್ನೊಂದಿದೆ: ಮೂಲ ಕ್ರಯಪತ್ರವನ್ನು ತೋರಿಸಿ ಎಂದು ಮಾಲೀಕರನ್ನು ಕೇಳಿ. ಜೆರಾಕ್ಸ್ ಮಾತ್ರ ಕೊಟ್ಟರೆ ಮೂಲಪತ್ರ ಬೇರೆಲ್ಲೋ ಇದೆ ಎಂದೇ ತಿಳಿಯಬೇಕು.

ವ್ಯಾಪಾರಸ್ಥ, ರಾಜಾಜಿನಗರ

ಇಲ್ಲಿ ಎಲ್ಲರೂ ಭೋಗ್ಯವೆಂದರೆ ಮೋಸವೆಂಬಂತೆ ಬರೆಯುತ್ತಿರುವುದನ್ನು ಒಪ್ಪಲಾರೆ. ನಾನು ಒಂಬತ್ತು ವರ್ಷ ಎರಡು ಭೋಗ್ಯದ ಮನೆಗಳಲ್ಲಿದ್ದೆ. ಬಾಡಿಗೆ ಉಳಿಸಿದ ಹಣದಲ್ಲೇ ನೆಲಮಂಗಲದ ಬಳಿ ಒಂದು ನಿವೇಶನ ಕೊಂಡೆ. ಆದರೆ ಎರಡು ಸಲವೂ ಪತ್ರವನ್ನು ನೋಂದಣಿ ಮಾಡಿಸಿದೆ. ಸ್ವಾಧೀನ ಸಹಿತ ಆಧಾರಕ್ಕೆ ಮುದ್ರಾಂಕ ಶುಲ್ಕ ಹೆಚ್ಚು ಎಂಬ ಕಾರಣಕ್ಕೆ ಮಾಲೀಕರು ಹಿಂಜರಿದಾಗ, ಅರ್ಧ ಖರ್ಚು ನಾನೇ ಹಾಕಿದೆ. ನೋಂದಣಿ ಬೇಡವೇ ಬೇಡ ಎಂದ ಮೂರು ಮಾಲೀಕರ ಮನೆಗಳನ್ನು, ಮನೆ ಚೆನ್ನಾಗಿದ್ದರೂ, ಬಿಟ್ಟುಬಂದೆ. ಭೋಗ್ಯದಲ್ಲಿ ತಪ್ಪಿಲ್ಲ, ಕಾಗದ ನೋಡದೆ ಹಣ ಕೊಡುವುದು ತಪ್ಪು.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ನಿಮ್ಮ ಮಾತನ್ನು ಒಪ್ಪುತ್ತೇನೆ. ಒಂದೇ ಒಂದು ತಿದ್ದುಪಡಿ: ನಿಮ್ಮದಕ್ಕಿಂತ ಮೊದಲೇ ಬ್ಯಾಂಕಿನ ಅಡಮಾನ ಇದ್ದರೆ ನೋಂದಣಿ ಮಾಡಿಸಿಯೂ ನೀವು ಎರಡನೆಯವರೇ ಆಗುತ್ತೀರಿ. ಹರಾಜಿನ ಹಣ ಮೊದಲು ಅವರಿಗೆ, ಮಿಕ್ಕಿದರೆ ನಿಮಗೆ.

ತೆರಿಗೆ ಸಲಹೆಗಾರ, ಹುಬ್ಬಳ್ಳಿ

ಗೃಹಸಾಲದಿಂದ ತೆರಿಗೆ ಉಳಿಯುತ್ತದೆ ಎಂಬ ಮಾತನ್ನು ಕೇಳಿಯೇ ಫ್ಲ್ಯಾಟ್ ಕೊಳ್ಳಲು ಹೊರಡುವವರು ನನ್ನ ಬಳಿಗೆ ಪ್ರತಿ ವರ್ಷ ಬರುತ್ತಾರೆ. ಆ ಮಾತು ಒಂದು ಕಾಲಕ್ಕೆ ನಿಜವಾಗಿತ್ತು. ನಿಮ್ಮ ಆದಾಯಕ್ಕೆ ಈಗ ಅದು ಅನ್ವಯಿಸುವುದಿಲ್ಲ.

2025-26ರ ಹಣಕಾಸು ವರ್ಷಕ್ಕೆ ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ, ತೆರಿಗೆಗೆ ಒಳಪಡುವ ಆದಾಯ 12 ಲಕ್ಷದವರೆಗೆ ಇದ್ದರೆ ಸೆಕ್ಷನ್ 87ಎ ರಿಯಾಯಿತಿಯಿಂದ ತೆರಿಗೆ ಶೂನ್ಯವಾಗುತ್ತದೆ. ಸಂಬಳದಾರರಿಗೆ 75,000 ರೂಪಾಯಿ ಪ್ರಮಾಣಿತ ಕಡಿತವೂ ಇರುವುದರಿಂದ 12.75 ಲಕ್ಷದ ಸಂಬಳದವರೆಗೆ ಏನೂ ಕಟ್ಟಬೇಕಾಗಿಲ್ಲ. ನಿಮ್ಮದು 11.4 ಲಕ್ಷ. ಹಾಗಾಗಿ ತೆರಿಗೆ ಸೊನ್ನೆ.

ಈಗ ಗೃಹಸಾಲ ತೆಗೆದುಕೊಂಡು ಹಳೆಯ ಪದ್ಧತಿಗೆ ಹೋದಿರಿ ಎಂದಿಟ್ಟುಕೊಳ್ಳಿ. 11.4 ಲಕ್ಷದಲ್ಲಿ ಪ್ರಮಾಣಿತ ಕಡಿತ 50,000, 80ಸಿ ಅಡಿಯಲ್ಲಿ (ಪಿ.ಎಫ್., ವಿಮೆ, ಗೃಹಸಾಲದ ಅಸಲಿನಂಥವಕ್ಕೆ) ಗರಿಷ್ಠ 1.5 ಲಕ್ಷ, ಸ್ವಂತ ವಾಸದ ಮನೆಯ ಸಾಲದ ಬಡ್ಡಿಗೆ ಗರಿಷ್ಠ 2 ಲಕ್ಷ ಕಳೆದರೆ 7.4 ಲಕ್ಷ ಉಳಿಯುತ್ತದೆ. ಅದಕ್ಕೆ 60,500 ರೂಪಾಯಿ ತೆರಿಗೆ, ಶೇ. 4ರ ಸೆಸ್ ಸೇರಿ 62,920. ಸಾಲ ಮಾಡಿ, ಬಡ್ಡಿ ಕಟ್ಟಿ, ಎಲ್ಲ ವಿನಾಯಿತಿಗಳನ್ನೂ ಬಳಸಿಕೊಂಡ ಮೇಲೂ ನೀವು ಕಟ್ಟುವ ತೆರಿಗೆ ಇದು. ಏನೂ ಮಾಡದೆ ಕುಳಿತರೆ ಕಟ್ಟುವುದು ಸೊನ್ನೆ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ಕಡಿತವೇ ಇಲ್ಲ. ಮನೆ ಬೇಕೆಂದು ಮನೆ ಕೊಳ್ಳಿ, ತೆರಿಗೆಗಾಗಿ ಕೊಳ್ಳಬೇಡಿ.

ಇದೇ ಕಾರಣಕ್ಕೆ, ಮಾರ್ಚ್ ತಿಂಗಳಲ್ಲಿ ತೆರಿಗೆ ಉಳಿಸಲು ವಿಮಾ ಪಾಲಿಸಿ ಮಾಡಿಸಿ ಎಂದು ಬರುವವರಿಗೂ ನೀವು ಧೈರ್ಯವಾಗಿ ಬೇಡ ಎನ್ನಬಹುದು. ಆದರೆ ಮಗಳ ಹೆಸರಿನಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಿಲ್ಲವಾದರೆ ಅದನ್ನು ಮಾತ್ರ ಮುಂದೂಡಬೇಡಿ. ಮಗುವಿಗೆ ಹತ್ತು ವರ್ಷ ತುಂಬುವ ಮೊದಲೇ ತೆರೆಯಬೇಕು. 2024ರ ಜನವರಿಯಿಂದ ಬಡ್ಡಿ ಶೇ. 8.2 ಇದೆ. ಹೊಸ ಪದ್ಧತಿಯಲ್ಲಿ ಕಟ್ಟಿದ ಹಣಕ್ಕೆ ಕಡಿತ ಸಿಗದಿದ್ದರೂ ಬರುವ ಬಡ್ಡಿಗೆ ತೆರಿಗೆ ಇಲ್ಲ. ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ಖಾತೆ ಜೀವಂತವಾಗಿರುತ್ತದೆ. ಕೈ ಸಡಿಲವಾದಾಗ ಹೆಚ್ಚು ಹಾಕಬಹುದು.

ಶಿಕ್ಷಕ, ತುಮಕೂರು

ಫ್ಲ್ಯಾಟಿನ ಲೆಕ್ಕವನ್ನು ಯಾರೂ ಪೂರ್ತಿ ಮಾಡಿಲ್ಲವಾದ್ದರಿಂದ ನಾನು ಮಾಡುತ್ತೇನೆ. ಎರಡು ವರ್ಷದ ಹಿಂದೆ ನಾನೂ ಇದೇ ಹಾದಿಯಲ್ಲಿ ನಡೆದವನು. ಈ ಮಟ್ಟದ ಸಾಲಕ್ಕೆ ಬ್ಯಾಂಕುಗಳು ಮನೆಯ ಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ. 52 ಲಕ್ಷಕ್ಕೆ 40 ಲಕ್ಷ ಸಾಲ ಸಿಕ್ಕಿತು ಎನ್ನೋಣ. 12 ಲಕ್ಷ ನೀವು ಹಾಕಬೇಕು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್ ಮತ್ತು ಅಧಿಭಾರ ಸೇರಿ ಶೇ. 5.6, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಒಟ್ಟು ಶೇ. 7.6, ಅಂದರೆ 3,95,200 ರೂಪಾಯಿ. ಸಾಲದ ಮಿತಿ ಲೆಕ್ಕ ಹಾಕುವಾಗ ಬ್ಯಾಂಕು ಈ ಖರ್ಚನ್ನು ಮನೆಯ ಬೆಲೆಗೆ ಸೇರಿಸುವುದಿಲ್ಲ. ಹೀಗೆ ಹೊಸ್ತಿಲು ದಾಟುವ ಮೊದಲೇ 16 ಲಕ್ಷ ಕೈಯಿಂದ ಹೋಗುತ್ತದೆ. ಮಾರುವವರಿಗೆ ಕೊಡುವ ಹಣದಲ್ಲಿ ಶೇ. 1 ಹಿಡಿದು ನೀವೇ ಸರ್ಕಾರಕ್ಕೆ ಕಟ್ಟಬೇಕೆಂಬುದೂ ನೆನಪಿರಲಿ, ಬೆಲೆ 50 ಲಕ್ಷ ಮುಟ್ಟಿದರೆ ಅದು ಕಡ್ಡಾಯ.

ಇನ್ನು ಕಂತು. ಶೇ. 8ರಂತೆ 20 ವರ್ಷಕ್ಕೆ 40 ಲಕ್ಷದ ಕಂತು 33,458 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 26,667 ಬಡ್ಡಿಗೇ ಹೋಗಿ ಅಸಲಿಗೆ ಸೇರುವುದು 6,791 ಮಾತ್ರ. ಬ್ಯಾಂಕಿನವರು ಕೊಟ್ಟ ಮೊದಲ ವರ್ಷದ ಪಟ್ಟಿಯನ್ನು ನಾನು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿಕೊಂಡಿದ್ದೇನೆ. ಅದನ್ನು ದಿನಾ ನೋಡಿದ್ದರಿಂದಲೇ, ಬೋನಸ್ ಬಂದಾಗಲೆಲ್ಲ ಮೊದಲು ಅಸಲಿಗೆ ಹಾಕುವ ಅಭ್ಯಾಸವಾಯಿತು. ಬದಲಾಗುವ ಬಡ್ಡಿದರದ ಗೃಹಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ ನಿಯಮ.

ನಿಮ್ಮ ತೊಂದರೆ ಕಂತಿನದಲ್ಲ, ಆರಂಭದ ಆ 16 ಲಕ್ಷದ್ದು. 14 ಲಕ್ಷ ವಾಪಸು ಬಂದರೂ ಅದರಲ್ಲಿ 4.4 ಲಕ್ಷ ನಿಮ್ಮದಲ್ಲ, ಸಾಲದ್ದು. ಆ ಸಾಲಗಳನ್ನು ಹಾಗೆಯೇ ಇಟ್ಟುಕೊಂಡು ಮನೆ ಕೊಂಡರೆ 33,458ರ ಜೊತೆಗೆ 12,480 ಸೇರುತ್ತದೆ, ಕೈಯಲ್ಲಿ ಒಂದು ತಿಂಗಳ ಖರ್ಚಿನ ಹಣವೂ ಇರುವುದಿಲ್ಲ. ನಾನು ಹಾಗೆ ಮಾಡಿ ಮೊದಲ ಮಳೆಗಾಲದಲ್ಲಿ, ಅಮ್ಮ ಬಿದ್ದು ಸೊಂಟ ಮುರಿದುಕೊಂಡಾಗ, ಕ್ರೆಡಿಟ್ ಕಾರ್ಡಿನಲ್ಲಿ ಆಸ್ಪತ್ರೆಯ ಬಿಲ್ಲು ಕಟ್ಟಿದೆ. ತಿಂಗಳಿಗೆ ಶೇ. 3.5ರ ಆ ಬಡ್ಡಿಯಿಂದ ಹೊರಬರಲು ಹದಿನಾಲ್ಕು ತಿಂಗಳು ಬೇಕಾಯಿತು.

ಪ್ರಶ್ನೆ ಕೇಳಿದವರ ಪತ್ನಿ

ನಾನು ಇವರ ಪತ್ನಿ. ನೀವೆಲ್ಲರೂ ಇಷ್ಟು ಕಾಳಜಿಯಿಂದ ಬರೆಯುತ್ತಿರುವುದನ್ನು ಓದಿ ನಾನೂ ನಾಲ್ಕು ಮಾತು ಬರೆಯಬೇಕೆನಿಸಿತು. ಅಡವಿಟ್ಟಿರುವುದು ನನ್ನ ತಾಯಿ ನನಗೆ ಹಾಕಿದ ನಾಲ್ಕು ಬಳೆ ಮತ್ತು ಒಂದು ಸರ. ಪ್ರತಿ ವರ್ಷ ಬಡ್ಡಿ ಕಟ್ಟಲು ಹೋಗುವವಳು ನಾನೇ. ಲಕೋಟೆಯನ್ನು ಒಡೆದು, ತಕ್ಕಡಿಗೆ ಹಾಕಿ, ಮತ್ತೆ ಅರಗು ಹಾಕಿ ಮುಚ್ಚುವವರೆಗೆ ಆ ಬಳೆಗಳನ್ನು ಎರಡು ನಿಮಿಷ ನೋಡುತ್ತೇನೆ. ಮೂರು ವರ್ಷದಲ್ಲಿ 54,000 ರೂಪಾಯಿ ಬಡ್ಡಿ ಕಟ್ಟಿದ್ದೇವೆ, ಅಸಲಿನಲ್ಲಿ ಒಂದು ರೂಪಾಯಿಯೂ ತೀರಿಲ್ಲ.

ನಮ್ಮ ಶಾಲೆಯ ಶಿಕ್ಷಕಿಯರು ಸೇರಿ 25 ತಿಂಗಳ 5 ಲಕ್ಷದ ಚೀಟಿ ಹಾಕುತ್ತಿದ್ದಾರೆ, ಪರಿಚಯದವರೊಬ್ಬರು ನಡೆಸುತ್ತಾರೆ. ಅದನ್ನು ಬೇಗ ಕೂಗಿ ಒಡವೆ ಬಿಡಿಸಿಕೊಳ್ಳಬಹುದೇ ಎಂದು ಯೋಚಿಸುತ್ತಿದ್ದೇನೆ.

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಬೇಡಮ್ಮ. ಮೊದಲ ತಿಂಗಳುಗಳಲ್ಲಿ ಚೀಟಿ ಕೂಗುವುದೆಂದರೆ ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟು ಹಣ ಪಡೆಯುವುದು. ಅದೂ ಒಂದು ಸಾಲವೇ, ಅದರ ಬಡ್ಡಿ ನಿಮ್ಮ ಒಡವೆ ಸಾಲಕ್ಕಿಂತ ಹೆಚ್ಚಾಗುವುದೇ ವಾಡಿಕೆ. ಇದಲ್ಲದೆ 1982ರ ಚಿಟ್ ಫಂಡ್ ಕಾಯ್ದೆಯಂತೆ ನೋಂದಣಿಯಾಗದ ಚೀಟಿಯಲ್ಲಿ ನಡೆಸುವವರು ಕೈಯೆತ್ತಿದರೆ ಚಿಟ್ ನಿಬಂಧಕರ ಬಳಿಗೂ ಹೋಗಲಾಗದು. ಪರಿಚಯದವರು ಎಂಬುದೇ ಖಾತರಿಯಾಗುವುದಿಲ್ಲ. ಚೀಟಿ ಹಾಕುವ ಅಭ್ಯಾಸವಿದ್ದರೆ ರಾಜ್ಯ ಸರ್ಕಾರದ ಎಂ.ಎಸ್.ಐ.ಎಲ್. ನಡೆಸುವ ಚೀಟಿಗಳಿವೆ.

ನಿಮ್ಮ ಬಳೆಗಳನ್ನು ಬಿಡಿಸಿಕೊಳ್ಳುವ ಹಣ ನಿಮ್ಮದೇ ಆದ 14 ಲಕ್ಷದೊಳಗೆ ಇದೆ. ಬಾಡಿಗೆ ಮನೆಗೆ ಹೋದರೆ ಏನಾಗುತ್ತದೆ ನೋಡಿ: ವೈಯಕ್ತಿಕ ಸಾಲಕ್ಕೆ 2.6, ಒಡವೆಗೆ 1.8, ಅಡ್ವಾನ್ಸಿಗೆ 2 ಲಕ್ಷ ಹೋಗಿ 7.6 ಲಕ್ಷ ಕೈಯಲ್ಲಿ ಉಳಿಯುತ್ತದೆ. ಅವಧಿಗೆ ಮೊದಲೇ ವೈಯಕ್ತಿಕ ಸಾಲ ತೀರಿಸಲು ಶುಲ್ಕ ಇದೆಯೇ ಎಂದು ಕರಾರಿನಲ್ಲಿ ನೋಡಿಕೊಳ್ಳಿ. 22,000 ಬಾಡಿಗೆ ಹೊಸದಾಗಿ ಬರುತ್ತದೆ, ಆದರೆ 12,480 ಕಂತು ಮತ್ತು ತಿಂಗಳಿಗೆ 1,500 ಆಗುವ ಒಡವೆ ಬಡ್ಡಿ ನಿಲ್ಲುತ್ತವೆ. ಮನೆಯ ಖರ್ಚಿಗೆ ನಿಜವಾಗಿ ಹೆಚ್ಚಾಗುವುದು ಸುಮಾರು 8,000. ಕಂತಿನ ಲೆಕ್ಕ ಎರಡು ವರ್ಷದ ಮಟ್ಟಿಗೆ ಮಾತ್ರ ನಿಜ, ಹೇಗೂ ಆಮೇಲೆ ಆ ಸಾಲ ಮುಗಿಯುತ್ತಿತ್ತು ಎಂಬುದನ್ನು ಪ್ರಾಮಾಣಿಕವಾಗಿ ಹೇಳಬೇಕು. ಆದರೂ 7.6 ಲಕ್ಷ ನಿಮ್ಮ ಹೆಸರಿನಲ್ಲಿ, ನಿಮ್ಮ ಬ್ಯಾಂಕಿನಲ್ಲಿರುತ್ತದೆ. ಒಂದೇ ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ವಿಮೆ ಇರುವುದು 5 ಲಕ್ಷದವರೆಗೆ, ಆದ್ದರಿಂದ ಎರಡು ಬ್ಯಾಂಕುಗಳಲ್ಲಿ ಹಂಚಿ ಇಡಿ. ಅದರಲ್ಲಿ ಆರು ತಿಂಗಳ ಖರ್ಚನ್ನು ಮುಟ್ಟದೆ, ಮಿಕ್ಕಿದ್ದಕ್ಕೆ ತಿಂಗಳು ತಿಂಗಳು ಸೇರಿಸುತ್ತ ಹೋದರೆ ನಾಲ್ಕೈದು ವರ್ಷದಲ್ಲಿ ಮನೆಗೆ ಬೇಕಾದ ಮುಂಗಡ ಕೂಡುತ್ತದೆ.

ನಾಗರಬಾವಿ ನಿವಾಸಿ (ಹತ್ತು ದಿನಗಳ ನಂತರ)

ಇ.ಸಿ. ಬಂತು. ನಮೂನೆ 15. ನಾಲ್ಕನೆಯ ನಮೂದಿನಲ್ಲಿ 2021ರಲ್ಲಿ ಹಕ್ಕುಪತ್ರಗಳ ಠೇವಣಿ, ಮೊತ್ತ 60 ಲಕ್ಷ ರೂಪಾಯಿ, ಒಂದು ಸಹಕಾರಿ ಬ್ಯಾಂಕಿನ ಹೆಸರು. ಅದರ ಕೆಳಗೆ ಏನೂ ಇಲ್ಲ. ನಾವು ಮನೆಗೆ ಬರುವ ಮೊದಲೇ ಆ ಸಾಲ ಇತ್ತು. ಆ ರಾತ್ರಿ ಇಬ್ಬರೂ ಸರಿಯಾಗಿ ಊಟ ಮಾಡಲಿಲ್ಲ.

ಮಾಲೀಕರನ್ನು ಕಂಡು, ಮನೆ ಬಿಡುತ್ತೇವೆ, ಅವಧಿ ಮುಗಿದ ದಿನ ನಮ್ಮ ಹಣ ಕೊಡಿ ಎಂದೆ. ಕಂತು ಸರಿಯಾಗಿ ಕಟ್ಟುತ್ತಿದ್ದೇನೆ, ಹೆದರಬೇಡಿ ಎಂದರು. ನಂತರ, ಹೊಸದಾಗಿ ಭೋಗ್ಯಕ್ಕೆ ಬರುವವರು 18 ಲಕ್ಷ ಕೊಟ್ಟ ಕೂಡಲೇ ನಿಮ್ಮ 14 ಲಕ್ಷ ಕೊಡುತ್ತೇನೆ, ಮನೆ ನೋಡಲು ಬರುವವರಿಗೆ ನೀವೇ ಸ್ವಲ್ಪ ಚೆನ್ನಾಗಿ ಹೇಳಿ ಎಂದರು. ಭಾನುವಾರ ಒಂದು ಕುಟುಂಬ ಬರುತ್ತದೆಯಂತೆ. ಇದೇ ನನ್ನನ್ನು ಕಾಡುತ್ತಿದೆ. ನಮ್ಮ ಹಣ ವಾಪಸು ಬರುವುದು ಅವರ ಹಣದಿಂದ. ನಾವು ಬಂದಾಗಲೂ ನಮ್ಮ ಹಿಂದೆ ಇದ್ದವರಿಗೆ ನಮ್ಮ 14 ಲಕ್ಷವೇ ಹೋಗಿರಬೇಕು.

ಗೃಹಿಣಿ, ದಾಸರಹಳ್ಳಿ

ಅಣ್ಣಾ, ನಮಗೆ ಮನೆ ತೋರಿಸಿದ ಹೆಂಗಸಿಗೆ ಎಲ್ಲ ಗೊತ್ತಿತ್ತು ಎಂದು ಆಮೇಲೆ ತಿಳಿಯಿತು. ನೀರು ಚೆನ್ನಾಗಿ ಬರುತ್ತದೆ, ಅಕ್ಕಪಕ್ಕದವರು ಒಳ್ಳೆಯವರು ಎಂದೆಲ್ಲ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಕುಟುಂಬಕ್ಕೆ ಇ.ಸಿ. ನೋಡಿ ಎಂದು ಒಂದೇ ಒಂದು ಮಾತು ಹೇಳಿ.

ವ್ಯಾಪಾರಸ್ಥ, ರಾಜಾಜಿನಗರ

ಹೇಳಲೇಬೇಕು. ಅದರಿಂದ ನಿಮ್ಮ ಹಣ ತಡವಾಗಬಹುದು, ಅದಕ್ಕೂ ಸಿದ್ಧರಾಗಿರಿ. ಎಷ್ಟೇ ತಡವಾದರೂ ಪೂರ್ತಿ ಹಣ ಬ್ಯಾಂಕ್ ಖಾತೆಗೆ ಬರುವವರೆಗೆ ಬೀಗದ ಕೈ ಕೊಡಬೇಡಿ. ನೋಂದಣಿ ಇಲ್ಲದ ನಿಮಗೆ ಮಾಲೀಕರ ಮೇಲಿರುವ ಹಿಡಿತ ಅದೊಂದೇ.

ತೆರಿಗೆ ಸಲಹೆಗಾರ, ಹುಬ್ಬಳ್ಳಿ

ನಗದಾಗಿ ಕೊಡುತ್ತೇನೆ ಎಂದರೆ ಒಪ್ಪಬೇಡಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನೋ ಠೇವಣಿಯನ್ನೋ ನಗದಿನಲ್ಲಿ ಪಡೆಯುವುದಕ್ಕೂ ಹಿಂದಿರುಗಿಸುವುದಕ್ಕೂ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧವಿದೆ, ದಂಡ ಆ ಮೊತ್ತದಷ್ಟೇ ಆಗಬಹುದು. ಆರ್‌ಟಿಜಿಎಸ್ ಮೂಲಕವೇ ಪಡೆಯಿರಿ.

ನಾಗರಬಾವಿ ನಿವಾಸಿ (ಎರಡು ತಿಂಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಭಾನುವಾರ ಬಂದ ದಂಪತಿಗೆ ನಾನು ಮನೆ ತೋರಿಸಿದೆ. ಹೊರಡುವಾಗ ನನ್ನ ಪತ್ನಿ ಇ.ಸಿ.ಯ ಪ್ರತಿಯನ್ನು ಅವರ ಕೈಗೆ ಕೊಟ್ಟಳು. ಅವರು ಮತ್ತೆ ಬರಲಿಲ್ಲ. ಮಾಲೀಕರು ಹದಿನೈದು ದಿನ ನಮ್ಮೊಂದಿಗೆ ಮಾತು ಬಿಟ್ಟಿದ್ದರು. ಕೊನೆಗೆ ಅವರ ಅಣ್ಣ ಮಧ್ಯೆ ಬಂದು ಮಾತನಾಡಿ, ಒಂದು ನಿವೇಶನ ಮಾರಿಸಿದ ಮೇಲೆ 11 ಲಕ್ಷ ನಮ್ಮ ಖಾತೆಗೆ ಬಂತು. ಉಳಿದ 3 ಲಕ್ಷಕ್ಕೆ ಮುಂದಿನ ತಿಂಗಳ ದಿನಾಂಕದ ಚೆಕ್ಕು ಕೊಟ್ಟಿದ್ದಾರೆ, ಜೊತೆಗೆ ಬಾಕಿಯನ್ನು ಒಪ್ಪಿಕೊಂಡು ಬರೆದುಕೊಟ್ಟ ಪತ್ರವೂ ಇದೆ. ಎರಡೂ ಸಾಲಗಳನ್ನು ತೀರಿಸಿದೆವು. ಬಾಡಿಗೆ ಮನೆಗೆ ಸಾಮಾನು ಸಾಗಿಸಿದ್ದೇವೆ. ಹಳೆಯ ಮನೆಯ ಒಂದು ಕೋಣೆಯಲ್ಲಿ ಮಂಚ ಮತ್ತು ಬೀರು ಬಿಟ್ಟು, ಬೀಗದ ಕೈ ನಮ್ಮಲ್ಲೇ ಇಟ್ಟುಕೊಂಡಿದ್ದೇವೆ. ಚೆಕ್ಕಿನ ವಿಷಯದಲ್ಲಿ ಏನಾದರೂ ಎಚ್ಚರ ವಹಿಸಬೇಕೇ?

ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ತುಂಬ ಸಂತೋಷವಾಯಿತು. ಚೆಕ್ಕಿನ ಮೇಲಿರುವ ದಿನಾಂಕದಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಇನ್ನೆರಡು ವಾರ ಬಿಟ್ಟು ಹಾಕಿ ಎಂದು ಅವರು ಕೇಳಿಕೊಂಡರೂ ಆ ಗಡುವನ್ನು ಮರೆಯಬೇಡಿ. ಹಣವಿಲ್ಲವೆಂದು ವಾಪಸಾದರೆ ಬ್ಯಾಂಕು ಕೊಡುವ ಮೆಮೊ ಬಂದ 30 ದಿನಗಳೊಳಗೆ ವಕೀಲರ ಮೂಲಕ ನೋಟಿಸು ಕಳುಹಿಸಿ. ನೋಟಿಸು ತಲುಪಿದ 15 ದಿನಗಳಲ್ಲಿ ಅವರು ಹಣ ಕೊಡದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ನ್ಯಾಯಾಲಯದಲ್ಲಿ ಸೆಕ್ಷನ್ 138ರ, ಅಂದರೆ ಚೆಕ್ ಬೌನ್ಸ್ ಪ್ರಕರಣದ, ದೂರು ಸಲ್ಲಿಸಬೇಕು. ಚೆಕ್ಕಿನ ಎರಡೂ ಬದಿಯ ಜೆರಾಕ್ಸ್ ಇಂದೇ ಮಾಡಿಸಿ, ಬಾಕಿ ಒಪ್ಪಿಕೊಂಡ ಪತ್ರದ ಜೊತೆ ಇಡಿ. ವೈಯಕ್ತಿಕ ಸಾಲ ತೀರಿದ್ದಕ್ಕೆ ಬ್ಯಾಂಕಿನಿಂದ ಬಾಕಿ ಇಲ್ಲ ಪತ್ರ ಪಡೆದಿದ್ದೀರಿ ತಾನೇ?

ಪ್ರಶ್ನೆ ಕೇಳಿದವರ ಪತ್ನಿ

ಪಡೆದಿದ್ದೇವೆ ಸರ್, ಬಳೆಗಳ ರಸೀದಿಯ ಜೊತೆ ಒಂದೇ ಕಡತದಲ್ಲಿ ಇಟ್ಟಿದ್ದೇನೆ. ಚೆಕ್ಕಿನ ಜೆರಾಕ್ಸ್ ನಾಳೆ ಶಾಲೆಗೆ ಹೋಗುವಾಗ ಮಾಡಿಸುತ್ತೇನೆ.